ಗೌರಿಬಿದನೂರಿನ ನೆಲದಡಿಯ ಪೆಟ್ಟಿಗೆ: ಅನ್ಯಲೋಕದ ಯಂತ್ರಗಳೂ ಭೂಲೋಕದ ಮಾಪಕಗಳೂ

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಅಂದು ಕೋಲಾರ ಜಿಲ್ಲೆಗೆ ಸೇರಿದ್ದು 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆಗೆ ಒಳಪಟ್ಟಿರುವ ಗೌರಿಬಿದನೂರಿನ ಸುತ್ತಮುತ್ತ ಮೂರು ವೈಜ್ಞಾನಿಕ ಕೇಂದ್ರಗಳು ಒಂದರ ಹಿಂದೊಂದರಂತೆ ತಲೆಯೆತ್ತಿದವು. 1965ರಲ್ಲಿ ಭೂಕಂಪನಗಳನ್ನೂ ಭೂಗತ ಅಣುಸ್ಫೋಟಗಳನ್ನೂ ಗುರುತಿಸುವ ಮಾಪಕಗಳ ಜಾಲ ಬಂದಿತು. 1970ರ ದಶಕದಲ್ಲಿ ಆಕಾಶದಿಂದ ಬರುವ ದೀರ್ಘ ರೇಡಿಯೋ ಅಲೆಗಳನ್ನು ಹಿಡಿಯುವ ದೂರದರ್ಶಕ ಬಂದಿತು. 1980ರ ದಶಕದಲ್ಲಿ ಗುರುತ್ವದ ಸ್ವರೂಪವನ್ನು ಪರೀಕ್ಷಿಸುವ ಪ್ರಯೋಗಾಲಯವೊಂದು ನೆಲದಡಿಯಲ್ಲಿ ಸಿದ್ಧವಾಯಿತು. ಇದೇ 1980ರ ದಶಕದಲ್ಲಿ ಗೌರಿಬಿದನೂರು ಕಥಾಸಾಹಿತ್ಯದಲ್ಲೂ ಕಾಣಿಸಿಕೊಂಡಿತು. ಖಗೋಳವಿಜ್ಞಾನಿ ಜಯಂತ ವಿಷ್ಣು ನಾರ್ಳೀಕರ್ ಮರಾಠಿಯಲ್ಲಿ ಬರೆದು, ಮುಂದೆ ಇಂಗ್ಲಿಷಿನಲ್ಲಿ 'ದಿ ರಿಟರ್ನ್ ಆಫ್ ವಾಮನ್' ಎಂಬ ಹೆಸರಿನಿಂದ ಪ್ರಕಟವಾದ ಕಾದಂಬರಿಯಲ್ಲಿ, ಭೌತವಿಜ್ಞಾನದ ಒಂದು ದೊಡ್ಡ ಪ್ರಯೋಗಕ್ಕಾಗಿ ಗೌರಿಬಿದನೂರಿನ ಬಳಿ ನೆಲ ಅಗೆಯುವವರಿಗೆ ಮನುಷ್ಯಕುಲದ್ದಲ್ಲದ ನಾಗರಿಕತೆಯೊಂದರ ಪೆಟ್ಟಿಗೆ ಸಿಗುತ್ತದೆ. ವಿಜ್ಞಾನ ಕಾದಂಬರಿಗಳಲ್ಲಿ ಅನ್ಯಲೋಕದ ತಂತ್ರಜ್ಞಾನ ಬಂದಿಳಿಯುವ ಜಾಗಗಳು ಸಾಮಾನ್ಯವಾಗಿ ಲಂಡನ್ನಿನ ಹೊರವಲಯವೋ ಚಂದ್ರನ ಕುಳಿಯೋ ಆಗಿರುವಾಗ, ಅದು ರಾಗಿ ಬೆಳೆಯುವ ಬಯಲುಸೀಮೆಯ ತಾಲ್ಲೂಕಿನಲ್ಲಿ ದೊರೆತದ್ದು ಬರೀ ಆಕಸ್ಮಿಕವಲ್ಲ. ಒಂದು ಕಾಲದ ಮನುಷ್ಯರು ಯಾವ ಉಪಕರಣದಿಂದ ಲೋಕವನ್ನು ಅಳೆಯುತ್ತಾರೋ ಅದೇ ಉಪಕರಣದ ಎದುರಿಗೆ ಆ ಕಾಲದ ಕಾದಂಬರಿಯ ಅನ್ಯಲೋಕವೂ ಬಂದು ನಿಲ್ಲುತ್ತದೆ ಎಂಬುದಕ್ಕೆ ಗೌರಿಬಿದನೂರಿನ ಈ ಎರಡು ದಶಕಗಳ ಇತಿಹಾಸ ಸ್ಪಷ್ಟವಾದ ನಿದರ್ಶನವಾಗಿದೆ.

ಸದ್ದಿಲ್ಲದ ಸೀಮೆ

ಪೂರ್ವದಲ್ಲಿ ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿ ಹೋಬಳಿಯಿಂದ ಹಿಡಿದು, ಶಿಡ್ಲಘಟ್ಟ ಮತ್ತು ಚಿಕ್ಕಬಳ್ಳಾಪುರಗಳನ್ನು ದಾಟಿ, ಪಶ್ಚಿಮದ ಗೌರಿಬಿದನೂರಿನವರೆಗೆ ಹರಡಿರುವ ಸೀಮೆ ಬಂಡೆಗುಡ್ಡಗಳ, ಮಳೆಯನ್ನೇ ನೆಚ್ಚಿದ ಕೆರೆಗಳ, ರಾಗಿ ಹೊಲ ಮತ್ತು ಹಿಪ್ಪುನೇರಳೆ ತೋಟಗಳ ನಾಡು. ನಂದಿಬೆಟ್ಟದ ಆಸುಪಾಸಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ, ಚಿತ್ರಾವತಿ, ಪಾಲಾರ್ ಮೊದಲಾದ ನದಿಗಳು ಇಲ್ಲಿ ವರ್ಷವಿಡೀ ಹರಿಯುವುದಿಲ್ಲ. ನಾಡಿನ ಇತಿಹಾಸದಲ್ಲಿ ಈ ಭಾಗ ನೆನಪಾಗುವುದು ಕೈವಾರದ ತಾತಯ್ಯನವರಿಂದ, 1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಿಗಳ ಮೇಲೆ ನಡೆದ ಗೋಲಿಬಾರಿನಿಂದ. ಆದರೆ ಉಪಕರಣಗಳನ್ನು ಹೂಡಲು ಜಾಗ ಹುಡುಕುತ್ತಿದ್ದ ವಿಜ್ಞಾನಿಗಳು ಗಮನಿಸಿದ್ದು ಇನ್ನೊಂದು ಗುಣವನ್ನು. ದಕ್ಷಿಣ ಭಾರತದ ಈ ಭಾಗದ ತಳಬಂಡೆ 250 ಕೋಟಿ ವರ್ಷಗಳಿಗೂ ಹಳೆಯದು. ಹಿಮಾಲಯದ ತಪ್ಪಲಿನಂತೆ ಅದು ಪದೇ ಪದೇ ಅದುರುವುದಿಲ್ಲ. ಎರಡೂ ಕಡಲುಗಳು ದೂರದಲ್ಲಿರುವುದರಿಂದ, ಅಲೆಗಳು ದಡಕ್ಕೆ ಬಡಿಯುವಾಗ ನೆಲದಲ್ಲಿ ಸದಾ ಉಂಟಾಗುವ ಸೂಕ್ಷ್ಮ ಕಂಪನವೂ ಇಲ್ಲಿ ಕ್ಷೀಣವಾಗಿರುತ್ತದೆ. ದೊಡ್ಡ ಕಾರ್ಖಾನೆಗಳಾಗಲಿ ದೊಡ್ಡ ಪಟ್ಟಣಗಳಾಗಲಿ ಅಂದು ಹತ್ತಿರದಲ್ಲಿರಲಿಲ್ಲ. ಆದರೂ ಸಂಶೋಧನಾ ಸಂಸ್ಥೆಗಳ ನೆಲೆಯಾದ ಬೆಂಗಳೂರು ಕೆಲವೇ ಗಂಟೆಗಳ ಪ್ರಯಾಣದ ದೂರದಲ್ಲಿತ್ತು.

ಮೊದಲ ಕೇಂದ್ರಕ್ಕೆ ಕಾರಣವಾದದ್ದು ಶೀತಲ ಸಮರ. 1963ರ ಭಾಗಶಃ ಪರೀಕ್ಷಾ ನಿಷೇಧ ಒಪ್ಪಂದವು ವಾತಾವರಣದಲ್ಲಿ, ನೀರಿನಡಿಯಲ್ಲಿ ಮತ್ತು ಬಾಹ್ಯಾಕಾಶದಲ್ಲಿ ಅಣ್ವಸ್ತ್ರಗಳನ್ನು ಸಿಡಿಸುವುದನ್ನು ನಿಷೇಧಿಸಿತಾದರೂ ನೆಲದಡಿಯ ಸ್ಫೋಟಗಳನ್ನು ಹಾಗೆಯೇ ಬಿಟ್ಟಿತು. ಯಾವ ದೇಶ ಎಲ್ಲಿ ಗುಟ್ಟಾಗಿ ಬಾಂಬು ಸಿಡಿಸಿತು ಎಂಬುದನ್ನು ಸಾವಿರಾರು ಕಿಲೋಮೀಟರು ದೂರದಿಂದ ತಿಳಿಯಬೇಕಾದರೆ, ಸ್ಫೋಟದ ಕಂಪನವನ್ನು ಸಹಜ ಭೂಕಂಪದಿಂದ ಬೇರ್ಪಡಿಸಿ ನೋಡುವ ಸಾಧನ ಬೇಕಾಗಿತ್ತು. ಬ್ರಿಟನ್ನಿನ ಪರಮಾಣು ಶಕ್ತಿ ಸಂಸ್ಥೆಯ ತಜ್ಞರು ಇದಕ್ಕಾಗಿ ರೂಪಿಸಿದ ಮಾಪಕ ಜಾಲಗಳು ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೋನೈಫ್ ಮತ್ತು ಆಸ್ಟ್ರೇಲಿಯಾದ ವಾರಮುಂಗಾದಲ್ಲಿ ಸ್ಥಾಪನೆಯಾದವು. ಅದೇ ಕುಟುಂಬಕ್ಕೆ ಸೇರಿದ ಭಾರತದ ಜಾಲ ಗೌರಿಬಿದನೂರಿಗೆ ಬಂದಿತು. ಅದನ್ನು ನೋಡಿಕೊಂಡ ಟ್ರಾಂಬೆಯ ಪರಮಾಣು ಶಕ್ತಿ ಸಂಸ್ಥೆಯೇ 1967ರಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರವೆಂಬ ಹೆಸರು ಪಡೆಯಿತು. ತಲಾ 20 ಕಿಲೋಮೀಟರಿಗೂ ಮೀರಿದ ಎರಡು ತೋಳುಗಳ ಉದ್ದಕ್ಕೂ 20 ಕಂಪನಮಾಪಕಗಳನ್ನು ನೆಲದಲ್ಲಿ ನೆಟ್ಟಿರುವ ಈ ಜಾಲದ ಕಾರ್ಯವಿಧಾನ ಸರಳವಾದ ಒಂದು ತತ್ತ್ವವನ್ನು ಆಧರಿಸಿದೆ. ದೂರದಿಂದ ಬರುವ ಕಂಪನ ಎಲ್ಲ ಮಾಪಕಗಳನ್ನೂ ಒಂದೇ ಕ್ಷಣದಲ್ಲಿ ತಲುಪುವುದಿಲ್ಲ. ಒಂದನ್ನು ಮೊದಲು, ಇನ್ನೊಂದನ್ನು ಕ್ಷಣಾರ್ಧದ ನಂತರ ತಲುಪುತ್ತದೆ. ಆ ಅಂತರವನ್ನು ಸರಿದೂಗಿಸಿ ಎಲ್ಲ ದಾಖಲೆಗಳನ್ನೂ ಕೂಡಿಸಿದಾಗ ಸ್ಥಳೀಯ ಗದ್ದಲ ಒಂದನ್ನೊಂದು ಅಳಿಸಿಕೊಳ್ಳುತ್ತದೆ, ನಿಜವಾದ ಸಂಕೇತ ಬಲಗೊಳ್ಳುತ್ತದೆ ಮತ್ತು ಅದು ಬಂದ ದಿಕ್ಕೂ ವೇಗವೂ ತಿಳಿಯುತ್ತವೆ. ಗದ್ದಲದ ನಡುವಿನಿಂದ ಯಾರದೋ ಉದ್ದೇಶಪೂರ್ವಕ ಕೃತ್ಯದ ಗುರುತನ್ನು ಹೆಕ್ಕಿ ತೆಗೆಯುವ ಈ ಕೆಲಸ, ಮುಂದೆ ಕಾದಂಬರಿಕಾರರು ಅನ್ಯಲೋಕದ ಸಂಕೇತವನ್ನು ಹುಡುಕುವ ತಮ್ಮ ಪಾತ್ರಗಳಿಗೆ ವಹಿಸಿದ ಕೆಲಸವೇ ಆಗಿತ್ತು.

ಬಿದ್ದದ್ದು, ಹೂತದ್ದು, ಕೇಳಿಸಿದ್ದು

ಪಶ್ಚಿಮದ ವಿಜ್ಞಾನ ಕಾದಂಬರಿಗಳಲ್ಲಿ ಅನ್ಯಲೋಕದ ತಂತ್ರಜ್ಞಾನ ಬೆಳೆದ ದಾರಿಯನ್ನು ಸ್ಥೂಲವಾಗಿ ಮೂರು ಘಟ್ಟಗಳಲ್ಲಿ ಗುರುತಿಸಬಹುದು. ಮೊದಲ ಘಟ್ಟಕ್ಕೆ ಬುನಾದಿ ಹಾಕಿದವರು ಎಚ್. ಜಿ. ವೆಲ್ಸ್. 1877ರಲ್ಲಿ ಇಟಲಿಯ ಸ್ಕಿಯಾಪರೆಲ್ಲಿ ದೂರದರ್ಶಕದಲ್ಲಿ ಮಂಗಳ ಗ್ರಹದ ಮೇಲೆ ಗೆರೆಗಳನ್ನು ಕಂಡರು. 1894ರಿಂದ ಅಮೆರಿಕದ ಪರ್ಸಿವಲ್ ಲೊವೆಲ್ ಅವು ಬುದ್ಧಿವಂತ ಜೀವಿಗಳು ತೋಡಿದ ಕಾಲುವೆಗಳೆಂದು ವಾದಿಸತೊಡಗಿದರು. 1897ರಲ್ಲಿ ಧಾರಾವಾಹಿಯಾಗಿ, 1898ರಲ್ಲಿ ಪುಸ್ತಕವಾಗಿ ಬಂದ 'ದಿ ವಾರ್ ಆಫ್ ದಿ ವರ್ಲ್ಡ್ಸ್' ಈ ವಾತಾವರಣದ ಕೂಸು. ಅದರಲ್ಲಿ ಮಂಗಳದಿಂದ ಹಾರಿಸಿದ ಉರುಳೆಗಳು ಇಂಗ್ಲೆಂಡಿನ ವೋಕಿಂಗ್ ಬಳಿಯ ಬಯಲಿಗೆ ಬಂದು ಬೀಳುತ್ತವೆ. ಅವುಗಳಿಂದ ಹೊರಟ ಮುಕ್ಕಾಲಿನ ಯುದ್ಧಯಂತ್ರಗಳು ಶಾಖಕಿರಣದಿಂದಲೂ ಕಪ್ಪು ವಿಷಧೂಮದಿಂದಲೂ ಊರುಗಳನ್ನು ನಾಶಮಾಡುತ್ತವೆ. ಮನುಷ್ಯರ ಯಂತ್ರಗಳಿಗೆ ಮೂಲವಾದ ಚಕ್ರವನ್ನೇ ಮಂಗಳದವರ ಯಂತ್ರಗಳಲ್ಲಿ ಇರಗೊಡದೆ, ಬೇರೆ ಲೋಕದ ಯಂತ್ರಕಲೆ ನಮ್ಮದರ ದೊಡ್ಡ ಪ್ರತಿಯಾಗಿರಬೇಕಾಗಿಲ್ಲ ಎಂಬುದನ್ನು ವೆಲ್ಸ್ ತೋರಿಸಿಕೊಟ್ಟರು. ಕಥೆಯ ಕೊನೆಯಲ್ಲಿ ಆಕ್ರಮಣಕಾರರು ಭೂಮಿಯ ಸೂಕ್ಷ್ಮಜೀವಿಗಳಿಗೆ ಬಲಿಯಾಗುವುದು ಎಲ್ಲರಿಗೂ ಗೊತ್ತಿರುವ ವಿಷಯ. ಆದರೆ ಉಪಸಂಹಾರದಲ್ಲಿ ಬರುವ, ಶಾಖಕಿರಣದ ಗುಟ್ಟನ್ನು ಬಿಡಿಸಲು ಹೋದ ಲಂಡನ್ನಿನ ಪ್ರಯೋಗಾಲಯಗಳಲ್ಲಿ ಭೀಕರ ಅನಾಹುತಗಳಾದವೆಂಬ ಸಣ್ಣ ಉಲ್ಲೇಖವನ್ನು ಗಮನಿಸಿದವರು ಕಡಿಮೆ. ಶತ್ರು ಸತ್ತ ಮೇಲೂ ಅವನ ಉಪಕರಣ ಅಪಾಯಕಾರಿಯೇ ಎಂಬ ಮುಂದಿನ ನೂರು ವರ್ಷಗಳ ವಸ್ತು ಅಲ್ಲಿ ಬೀಜರೂಪದಲ್ಲಿದೆ.

ಎರಡನೆಯ ಘಟ್ಟದಲ್ಲಿ ತಂತ್ರಜ್ಞಾನ ಆಯುಧದ ರೂಪ ಬಿಟ್ಟು ಸ್ಮಾರಕದ ರೂಪ ತಾಳಿತು. ಆರ್ಥರ್ ಸಿ. ಕ್ಲಾರ್ಕ್ 1948ರಲ್ಲಿ ಬರೆದು 1951ರಲ್ಲಿ ಪ್ರಕಟಿಸಿದ ಸಣ್ಣಕಥೆಯೊಂದರಲ್ಲಿ ಚಂದ್ರನ ಮೇಲೆ ಯಾರೋ ಇಟ್ಟುಹೋದ ಕಾವಲು ಸಾಧನ ಸಿಗುತ್ತದೆ. ಅದೇ ಬೀಜ 1968ರ '2001: ಎ ಸ್ಪೇಸ್ ಒಡಿಸ್ಸಿ' ಕಾದಂಬರಿಯಲ್ಲಿ 30 ಲಕ್ಷ ವರ್ಷಗಳ ಹಿಂದೆ ಹೂಳಲ್ಪಟ್ಟ ಕಪ್ಪು ಚಪ್ಪಡಿಯಾಗಿ ಬೆಳೆಯಿತು. ಆ ಚಪ್ಪಡಿ ಪತ್ತೆಯಾಗುವ ಬಗೆ ಇಲ್ಲಿ ಮುಖ್ಯವಾಗುತ್ತದೆ: ಚಂದ್ರನ ಕಾಂತಕ್ಷೇತ್ರವನ್ನು ಅಳೆಯುತ್ತಿದ್ದವರಿಗೆ ಟೈಕೋ ಕುಳಿಯ ಬಳಿ ಅಸಹಜವಾದ ಏರುಪೇರು ಕಂಡುಬಂದು, ಅಲ್ಲಿ ಅಗೆದಾಗ ವಸ್ತು ಸಿಗುತ್ತದೆ. ಆಕಾಶದಿಂದ ಬಿದ್ದದ್ದನ್ನು ಕಾಣಲು ಊರಿನವರ ಕಣ್ಣು ಸಾಕು; ಹೂತಿಟ್ಟದ್ದನ್ನು ಕಾಣಲು ಮಾಪಕ ಬೇಕು. ನೋಡುವ ಶಕ್ತಿ ಪಡೆದ ನಾಗರಿಕತೆಗೆ ಮಾತ್ರ ಕಾಣಿಸಿಕೊಳ್ಳುವಂತೆ ಇಟ್ಟ ವಸ್ತು ಒಂದು ಬಗೆಯ ಪರೀಕ್ಷೆಯಾಗುತ್ತದೆ. ಕ್ಲಾರ್ಕರ 1973ರ 'ರಾಂದೆವೂ ವಿತ್ ರಾಮ' ಕಾದಂಬರಿಯಲ್ಲಿ ಸುಮಾರು 50 ಕಿಲೋಮೀಟರು ಉದ್ದದ ಟೊಳ್ಳು ಉರುಳೆ ಸೌರವ್ಯೂಹದ ಮೂಲಕ ಹಾದುಹೋಗುತ್ತದೆ, ಒಳಹೊಕ್ಕ ಮನುಷ್ಯರನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದಕ್ಕೆ ಒಂದು ವರ್ಷ ಮೊದಲು ಸೋವಿಯತ್ ರಷ್ಯಾದ ಸ್ತ್ರುಗಾತ್ಸ್ಕಿ ಸಹೋದರರು ಬರೆದ 'ರೋಡ್‌ಸೈಡ್ ಪಿಕ್‌ನಿಕ್'ನಲ್ಲಿ ಅನ್ಯಲೋಕದವರು ಬಂದುಹೋದ ಜಾಗದಲ್ಲಿ ಬಿಟ್ಟುಹೋದ ವಸ್ತುಗಳನ್ನು ಕಳ್ಳಸಾಗಣೆ ಮಾಡಿ ಮಾರುವವರ ಬದುಕಿದೆ. ಆ ವಸ್ತುಗಳು ಏನು, ಏಕೆ ಎಂಬುದು ಯಾರಿಗೂ ತಿಳಿಯದಿದ್ದರೂ ಅವುಗಳ ವ್ಯಾಪಾರ ಮಾತ್ರ ನಿಲ್ಲುವುದಿಲ್ಲ.

ಮೂರನೆಯ ಘಟ್ಟ ರೇಡಿಯೋ ಖಗೋಳವಿಜ್ಞಾನದ ಕೊಡುಗೆ. 1959ರಲ್ಲಿ ಭೌತವಿಜ್ಞಾನಿಗಳಾದ ಕೊಕೋನಿ ಮತ್ತು ಮಾರಿಸನ್, ಜಲಜನಕ ಪರಮಾಣು ತಾನಾಗಿ ಹೊರಸೂಸುವ 21 ಸೆಂಟಿಮೀಟರಿನ ಅಲೆಯಲ್ಲಿ ಬೇರೆ ನಾಗರಿಕತೆಗಳ ಸಂದೇಶವನ್ನು ಹುಡುಕಬಹುದೆಂದು ಸೂಚಿಸಿದರು. ಮರುವರ್ಷ ಫ್ರಾಂಕ್ ಡ್ರೇಕ್ ಅಮೆರಿಕದ ಗ್ರೀನ್ ಬ್ಯಾಂಕಿನ ದೂರದರ್ಶಕವನ್ನು ಸೂರ್ಯನಂಥ ಎರಡು ನಕ್ಷತ್ರಗಳತ್ತ ತಿರುಗಿಸಿ ಆಲಿಸಿದರು. ವಸ್ತು ಬರಬೇಕಾಗಿಲ್ಲ, ಮಾಹಿತಿ ಬಂದರೆ ಸಾಕು ಎಂಬ ಅರಿವು ಕಾದಂಬರಿಯನ್ನೂ ಬದಲಿಸಿತು. ಯಂತ್ರವೊಂದನ್ನು ಕಟ್ಟುವ ವಿಧಾನವೇ ಸಂಕೇತದ ರೂಪದಲ್ಲಿ ಬಂದರೆ, ಅದನ್ನು ಕಟ್ಟುವವರು ಭೂಮಿಯವರೇ ಆಗುತ್ತಾರೆ. ಆಕ್ರಮಣಕ್ಕೆ ಸೇನೆಯೂ ಬೇಡ, ನೌಕೆಯೂ ಬೇಡ. ಪೋಲೆಂಡಿನ ಸ್ಟಾನಿಸ್ಲಾವ್ ಲೆಮ್ 1968ರಲ್ಲಿ ಇದೇ ವಸ್ತುವನ್ನು ಎತ್ತಿಕೊಂಡು, ಸಂದೇಶ ಬಂದರೂ ಮನುಷ್ಯರು ತಮ್ಮ ಮಿತಿಯನ್ನಷ್ಟೇ ಅದರಲ್ಲಿ ಓದಿಕೊಳ್ಳುತ್ತಾರೆ ಎಂಬ ಕಠೋರ ತೀರ್ಮಾನಕ್ಕೆ ಬಂದರು. ಆದರೆ ಈ ವಸ್ತುವನ್ನು ಮೊದಲಿಗೆ ಜನಪ್ರಿಯಗೊಳಿಸಿದವರು ಕೇಂಬ್ರಿಜ್‌ನ ಫ್ರೆಡ್ ಹಾಯ್ಲ್, ಮತ್ತು ಗೌರಿಬಿದನೂರಿನ ಕಥೆಗೆ ಕೊಂಡಿ ಅಲ್ಲಿಯೇ ಇದೆ.

ಕೇಂಬ್ರಿಜ್‌ನ ಗುರುಶಿಷ್ಯರು

ನಕ್ಷತ್ರಗಳ ಒಡಲಿನಲ್ಲಿ ಧಾತುಗಳು ಹುಟ್ಟುವ ಬಗೆಯನ್ನು ವಿವರಿಸಿದ ಹಾಯ್ಲ್ ಕಾದಂಬರಿಕಾರರೂ ಆಗಿದ್ದರು. ಅವರ 1957ರ 'ದಿ ಬ್ಲ್ಯಾಕ್ ಕ್ಲೌಡ್'ನಲ್ಲಿ ಸೂರ್ಯನನ್ನು ಆವರಿಸುವ ಅನಿಲಮೇಘವೇ ಬುದ್ಧಿಯುಳ್ಳ ಜೀವಿಯೆಂದು ತಿಳಿದುಬರುತ್ತದೆ. ಅದರೊಡನೆ ರೇಡಿಯೋ ಮೂಲಕ ಮಾತು ಬೆಳೆಯುತ್ತದೆ. ಆದರೆ ಅದರ ಜ್ಞಾನವನ್ನು ನೇರವಾಗಿ ತಮ್ಮ ಮೆದುಳಿಗೆ ಇಳಿಸಿಕೊಳ್ಳಲು ಮುಂದಾದ ವಿಜ್ಞಾನಿಗಳು ಆ ಭಾರವನ್ನು ತಾಳಲಾರದೆ ಸಾಯುತ್ತಾರೆ. ಜಾನ್ ಎಲಿಯಟ್ ಜೊತೆಗೂಡಿ ಹಾಯ್ಲ್ ರಚಿಸಿದ 'ಎ ಫಾರ್ ಆಂಡ್ರೊಮಿಡಾ' 1961ರಲ್ಲಿ ಬಿಬಿಸಿ ಟೆಲಿವಿಷನ್ ಧಾರಾವಾಹಿಯಾಗಿ, 1962ರಲ್ಲಿ ಕಾದಂಬರಿಯಾಗಿ ಬಂದಿತು. ಅದರಲ್ಲಿ ಹೊಸದಾಗಿ ಕಟ್ಟಿದ ರೇಡಿಯೋ ದೂರದರ್ಶಕಕ್ಕೆ ಬಂದ ಸಂಕೇತವು ಒಂದು ಕಂಪ್ಯೂಟರಿನ ವಿನ್ಯಾಸವೆಂದು ತಿಳಿಯುತ್ತದೆ. ಕಟ್ಟಿದ ಮೇಲೆ ಆ ಕಂಪ್ಯೂಟರು ಜೀವಿಯೊಂದನ್ನು ಸೃಷ್ಟಿಸುವ ವಿಧಾನವನ್ನು ಹೇಳಿಕೊಡುತ್ತದೆ. ಸರ್ಕಾರ, ಸೈನ್ಯ ಮತ್ತು ವ್ಯಾಪಾರಿ ಹಿತಾಸಕ್ತಿಗಳು ಅದರ ಸುತ್ತ ಕಾದಾಡುತ್ತವೆ.

1938ರಲ್ಲಿ ಕೊಲ್ಹಾಪುರದಲ್ಲಿ ಹುಟ್ಟಿದ ಜಯಂತ ನಾರ್ಳೀಕರ್ ಈ ವರ್ಷಗಳಲ್ಲಿ ಕೇಂಬ್ರಿಜ್‌ನಲ್ಲಿ ಹಾಯ್ಲ್ ಅವರ ಕೈಕೆಳಗೆ ಸಂಶೋಧನೆ ನಡೆಸುತ್ತಿದ್ದರು. 1963ರಲ್ಲಿ ಅವರಿಗೆ ಡಾಕ್ಟರೇಟ್ ದೊರೆಯಿತು. 1964ರಲ್ಲಿ ಗುರುಶಿಷ್ಯರಿಬ್ಬರೂ ಮಂಡಿಸಿದ ಗುರುತ್ವ ಸಿದ್ಧಾಂತ ಅವರ ಹೆಸರುಗಳಿಂದಲೇ ಪ್ರಸಿದ್ಧವಾಯಿತು. ವಸ್ತುವೊಂದರ ಜಡತ್ವ ಇಡೀ ವಿಶ್ವದ ಉಳಿದ ವಸ್ತುಗಳಿಂದ ಬರುತ್ತದೆ ಎಂಬ ಮಾಕ್ ತತ್ತ್ವವನ್ನು ಆಧಾರವಾಗಿಟ್ಟುಕೊಂಡ ಆ ಸಿದ್ಧಾಂತ, ಗುರುತ್ವವನ್ನು ಸೂಕ್ಷ್ಮವಾಗಿ ಅಳೆಯುವ ಪ್ರಯೋಗಗಳ ಬಗ್ಗೆ ನಾರ್ಳೀಕರರಿಗಿದ್ದ ಆಸಕ್ತಿಗೆ ಸಹಜವಾದ ಹಿನ್ನೆಲೆಯಾಯಿತು.

ಅವರು ಕೇಂಬ್ರಿಜ್‌ನಲ್ಲಿದ್ದಾಗಲೇ ಕಾದಂಬರಿಯ ಕಲ್ಪನೆ ವಾಸ್ತವವಾಗಿಬಿಟ್ಟಿತೇ ಎಂಬ ಸಂಶಯ ಹುಟ್ಟಿಸಿದ ಘಟನೆಯೊಂದು ಅಲ್ಲಿ ನಡೆಯಿತು. ಊರ ಹೊರಗೆ ಸುಮಾರು 4 ಎಕರೆ ಬಯಲಿನಲ್ಲಿ ಮರದ ಗೂಟಗಳಿಗೆ ತಂತಿ ಬಿಗಿದು ಕಟ್ಟಿದ, 2,048 ಡೈಪೋಲ್‌ಗಳ ದೂರದರ್ಶಕವೊಂದಿತ್ತು. ಡೈಪೋಲ್ ಎಂದರೆ ಮನೆಯ ಮೇಲಿನ ಟಿವಿ ಆಂಟೆನಾದಲ್ಲಿರುವಂಥ, ನಡುವೆ ಬೇರ್ಪಡಿಸಿದ ಎರಡು ಲೋಹದ ಕಡ್ಡಿಗಳ ಸರಳ ಗ್ರಾಹಕ. 1967ರಲ್ಲಿ ಅದರ ದಾಖಲೆಗಳನ್ನು ಪರಿಶೀಲಿಸುತ್ತಿದ್ದ ಸಂಶೋಧನಾ ವಿದ್ಯಾರ್ಥಿನಿ ಜೋಸ್ಲಿನ್ ಬೆಲ್, 1.33 ಸೆಕೆಂಡಿಗೊಮ್ಮೆ ತಪ್ಪದೆ ಮಿಡಿಯುವ ಸಂಕೇತವನ್ನು ಗುರುತಿಸಿದರು. ನಿಸರ್ಗದಲ್ಲಿ ಅಷ್ಟು ಕರಾರುವಾಕ್ಕಾದ ಮಿಡಿತ ಆವರೆಗೆ ಕಂಡಿರದ ಕಾರಣ ತಂಡದವರು ಅದಕ್ಕೆ ಅರ್ಧ ತಮಾಷೆಯಾಗಿ 'ಹಸಿರು ಕುಳ್ಳರು' ಎಂಬ ಅರ್ಥದ ಗುರುತಿನ ಹೆಸರಿಟ್ಟರು. ಕೆಲವೇ ವಾರಗಳಲ್ಲಿ ಆಕಾಶದ ಬೇರೊಂದು ದಿಕ್ಕಿನಲ್ಲಿ ಎರಡನೆಯ ಮಿಡಿತ ಸಿಕ್ಕಿತು. ಎರಡು ಬೇರೆ ಬೇರೆ ಲೋಕದವರು ಒಂದೇ ಬಗೆಯಲ್ಲಿ ಭೂಮಿಯನ್ನು ಕರೆಯುತ್ತಿರುವುದು ಅಸಂಭವವಾದ್ದರಿಂದ ಆ ಊಹೆ ಬಿದ್ದುಹೋಯಿತು. ಅವು ವೇಗವಾಗಿ ತಿರುಗುವ ನ್ಯೂಟ್ರಾನ್ ನಕ್ಷತ್ರಗಳು, ಅಂದರೆ ಪಲ್ಸಾರ್‌ಗಳು ಎಂಬುದು ಬೇಗನೆ ಸ್ಥಿರಪಟ್ಟಿತು.

ಬಯಲಿನಲ್ಲಿ ತಂತಿಗಳು

ಪಲ್ಸಾರ್‌ಗಳ ಈ ಅಧ್ಯಯನಕ್ಕೆ ಮಹತ್ವದ ಕೊಡುಗೆ ನೀಡಿದವರಲ್ಲಿ ಸಿ. ವಿ. ರಾಮನ್ ಅವರ ಮಗ ವಿ. ರಾಧಾಕೃಷ್ಣನ್ ಒಬ್ಬರು. ಅವರು 1972ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು. ಅದೇ ವರ್ಷ ನಾರ್ಳೀಕರ್ ಕೇಂಬ್ರಿಜ್ ಬಿಟ್ಟು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸೇರಿದರು. ರಾಮನ್ ಸಂಸ್ಥೆಯೂ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯೂ ಜೊತೆಗೂಡಿ 1970ರ ದಶಕದ ಮಧ್ಯಭಾಗದಲ್ಲಿ ಗೌರಿಬಿದನೂರಿನ ಹತ್ತಿರ ಕಟ್ಟಿದ ರೇಡಿಯೋ ದೂರದರ್ಶಕ, ಕೇಂಬ್ರಿಜ್‌ನ ಬಯಲಿನಂತೆಯೇ ಡೈಪೋಲ್‌ಗಳ ತೋಟ. ಸಿ.ಎಚ್.ವಿ. ಶಾಸ್ತ್ರಿಯವರ ಮುಂದಾಳತ್ವದಲ್ಲಿ ಬೆಳೆದ ಈ ಕೇಂದ್ರದಲ್ಲಿ 1,000 ಡೈಪೋಲ್‌ಗಳನ್ನು ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಹೂಡಲಾಯಿತು. ಪೂರ್ವಪಶ್ಚಿಮದ ತೋಳು 1.4 ಕಿಲೋಮೀಟರು, ದಕ್ಷಿಣದ ತೋಳು ಸುಮಾರು 450 ಮೀಟರು ಉದ್ದವಾಗಿದ್ದವು. ಅದು ಕೆಲಸ ಮಾಡಿದ್ದು 34.5 ಮೆಗಾಹರ್ಟ್ಸ್ ಆವರ್ತನದಲ್ಲಿ, ಅಂದರೆ ಸುಮಾರು 8.7 ಮೀಟರು ಉದ್ದದ ಅಲೆಗಳಲ್ಲಿ. ಇನ್ನೂ ಉದ್ದವಾದ ಅಲೆಗಳನ್ನು ಭೂಮಿಯ ಮೇಲಿನ ವಿದ್ಯುದಾವೇಶದ ಪದರ ಹಿಂದಕ್ಕೆ ತಳ್ಳಿಬಿಡುವುದರಿಂದ, ನೆಲದಿಂದ ಆಕಾಶವನ್ನು ಆಲಿಸಬಹುದಾದ ಕಿಟಕಿಯ ಕೆಳ ಅಂಚಿಗೆ ಈ ಆವರ್ತನ ಹತ್ತಿರದಲ್ಲಿದೆ. ಈ ದೂರದರ್ಶಕದಿಂದ ಕೆ. ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ ಸಿದ್ಧಪಡಿಸಿದ ಆಕಾಶದ ನಕ್ಷೆ 1990ರಲ್ಲಿ ಪ್ರಕಟವಾಯಿತು. ಸೂರ್ಯನ ಹೊರ ವಾತಾವರಣದ ಚಿತ್ರ ತೆಗೆಯುವ ಪ್ರತ್ಯೇಕ ಉಪಕರಣ 1997ರ ಸುಮಾರಿಗೆ ಅದೇ ಆವರಣದಲ್ಲಿ ಕಾರ್ಯಾರಂಭಿಸಿತು. ಗೌರಿಬಿದನೂರಿನ ದೂರದರ್ಶಕ ಅನ್ಯಲೋಕದ ಸಂದೇಶಗಳ ಹುಡುಕಾಟಕ್ಕಾಗಿ ಕಟ್ಟಿದ್ದಲ್ಲ. ಆದರೆ ಸಂಕೇತವೊಂದನ್ನು ಸಿಡಿಲಿನಿಂದ, ರೇಡಿಯೋ ಪ್ರಸಾರದಿಂದ, ವಿದ್ಯುತ್ ತಂತಿಯ ಗದ್ದಲದಿಂದ ಬೇರ್ಪಡಿಸುವ ದಿನನಿತ್ಯದ ಶ್ರಮ ಎರಡು ಕೆಲಸಗಳಲ್ಲೂ ಒಂದೇ.

ಕನ್ನಡ ಭಾಷೆ ಅನ್ಯಲೋಕದತ್ತ ಹೊರಟದ್ದೂ ಇದೇ ದಶಕದಲ್ಲಿ. 1977ರಲ್ಲಿ ಹಾರಿದ ಎರಡು ವಾಯೇಜರ್ ನೌಕೆಗಳಲ್ಲಿ, ಕಾರ್ಲ್ ಸಾಗನ್ ನೇತೃತ್ವದ ತಂಡ ಸಿದ್ಧಪಡಿಸಿದ ಚಿನ್ನದ ಲೇಪದ ಧ್ವನಿಮುದ್ರಿಕೆಗಳಿದ್ದವು. 55 ಭಾಷೆಗಳ ಶುಭಾಶಯಗಳ ನಡುವೆ ಕನ್ನಡದ ಶುಭಾಶಯವೂ ಅದರಲ್ಲಿ ಸೇರಿತು. ಮುದ್ರಿಕೆಯನ್ನು ನುಡಿಸುವ ವಿಧಾನವನ್ನು ಅದರ ಕವಚದ ಮೇಲೆ ಚಿತ್ರಗಳಲ್ಲಿ ಕೆತ್ತಲಾಯಿತು. ಹಾಯ್ಲ್ ಮತ್ತು ಕ್ಲಾರ್ಕ್ ಅನ್ಯರಿಂದ ನಿರೀಕ್ಷಿಸಿದ್ದ ಪೆಟ್ಟಿಗೆಯನ್ನು ಮನುಷ್ಯರೇ ಕಟ್ಟಿ ಕಳುಹಿಸಿದಂತಾಯಿತು.

ನೆಲದಡಿಯ ತಕ್ಕಡಿ

1980ರ ದಶಕದಲ್ಲಿ ಟಾಟಾ ಸಂಸ್ಥೆಯ ರಮಾನಾಥ್ ಕೌಶಿಕ್ ಮತ್ತು ಅವರ ಸಹೋದ್ಯೋಗಿಗಳು ಗುರುತ್ವವನ್ನು ಪರೀಕ್ಷಿಸಲು ಶಾಂತವಾದ ಜಾಗ ಹುಡುಕಿದಾಗ, ಕಂಪನಮಾಪಕ ಜಾಲ ಇಪ್ಪತ್ತು ವರ್ಷಗಳಿಂದ ಸದ್ದಿಲ್ಲದ ನೆಲವೆಂದು ಸಾಬೀತುಪಡಿಸಿದ್ದ ಗೌರಿಬಿದನೂರೇ ಅವರಿಗೆ ಒದಗಿತು. ಅಲ್ಲಿ ಸುಮಾರು 25 ಮೀಟರು ಆಳದಲ್ಲಿ ಪ್ರಯೋಗಾಲಯ ಸಿದ್ಧವಾಯಿತು. ಉಪಕರಣದ ತತ್ತ್ವ ಹದಿನೆಂಟನೆಯ ಶತಮಾನದಷ್ಟು ಹಳೆಯದು: ತೆಳುವಾದ ಎಳೆಯೊಂದಕ್ಕೆ ತೂಗುಬಿಟ್ಟ ವಸ್ತುವಿನ ಮೇಲೆ ಅತ್ಯಲ್ಪ ಬಲ ಬಿದ್ದರೂ ಎಳೆ ತಿರುಚಿಕೊಳ್ಳುತ್ತದೆ, ಆ ತಿರುಚನ್ನು ಬೆಳಕಿನ ಕಿರಣದ ನೆರವಿನಿಂದ ಅಳೆಯಲಾಗುತ್ತದೆ. ಹಂಗೇರಿಯ ಯೋಟ್ವೋಸ್ ನಡೆಸಿದ್ದ ಹಳೆಯ ಪ್ರಯೋಗಗಳ ಅಂಕಿಗಳನ್ನು 1986ರಲ್ಲಿ ಮರುಪರಿಶೀಲಿಸಿದ ಅಮೆರಿಕದ ಭೌತವಿಜ್ಞಾನಿಗಳು, ಪ್ರಕೃತಿಯಲ್ಲಿ ಆವರೆಗೆ ತಿಳಿದಿದ್ದ ನಾಲ್ಕು ಬಲಗಳಲ್ಲದೆ, ವಸ್ತುವಿನ ಸಂಯೋಜನೆಯನ್ನು ಅವಲಂಬಿಸಿದ ಐದನೆಯ ಬಲವೊಂದು ಇರಬಹುದೆಂದು ಸೂಚಿಸಿದರು. ತಾಮ್ರ ಮತ್ತು ಸೀಸ ಹತ್ತಿರದ ದ್ರವ್ಯರಾಶಿಯ ಕಡೆಗೆ ಬೇರೆ ಬೇರೆ ಪ್ರಮಾಣದಲ್ಲಿ ಎಳೆಯಲ್ಪಡುತ್ತವೆಯೇ ಎಂದು ಗೌರಿಬಿದನೂರಿನಲ್ಲಿ ಪರೀಕ್ಷಿಸಲಾಯಿತು. 1988 ಮತ್ತು 1990ರಲ್ಲಿ ಪ್ರಕಟವಾದ ಫಲಿತಾಂಶಗಳ ಪ್ರಕಾರ, ಉಪಕರಣದ ಸೂಕ್ಷ್ಮತೆಯ ಮಿತಿಯಲ್ಲಿ ಅಂಥ ಬಲ ಕಾಣಲಿಲ್ಲ. ಹೊರಗಡೆಯ ಹೆಜ್ಜೆಸದ್ದು, ಗಾಳಿ, ಉಷ್ಣತೆಯ ಸಣ್ಣ ಏರಿಳಿತ ಕೂಡ ಎಳೆಯನ್ನು ತಿರುಗಿಸಬಲ್ಲದಾದ್ದರಿಂದಲೇ ಆಳಕ್ಕೆ ಅಗೆಯಬೇಕಾಗಿತ್ತು.

ನಾರ್ಳೀಕರ್ ಅದೇ ಟಾಟಾ ಸಂಸ್ಥೆಯಲ್ಲಿದ್ದರು. ಅವರ ಕಥಾರಚನೆ ಆರಂಭವಾದದ್ದು 1974ರಲ್ಲಿ. ಮರಾಠಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಗೆ ತಮ್ಮ ಹೆಸರು ಪ್ರಭಾವ ಬೀರಬಾರದೆಂದು ಗುಪ್ತನಾಮದಲ್ಲಿ ಕಳಿಸಿದ ಕಪ್ಪುಕುಳಿಯ ಕಥೆಗೆ ಬಹುಮಾನ ಬಂದಿತ್ತು. 'ದಿ ರಿಟರ್ನ್ ಆಫ್ ವಾಮನ್'ನ ಮರಾಠಿ ಮೂಲವಾದ 'ವಾಮನ ಪರತ್ ನ ಆಲಾ' ಕಾದಂಬರಿಯಲ್ಲಿ ಗೌರಿಬಿದನೂರಿನ ಬಳಿಯ ಅಗೆತದಲ್ಲಿ ಪೆಟ್ಟಿಗೆ ಸಿಕ್ಕೊಡನೆ ಸರ್ಕಾರ ಅದನ್ನು ಅತ್ಯಂತ ಗೋಪ್ಯವೆಂದು ಘೋಷಿಸುತ್ತದೆ. ಆದರೂ ಗುಟ್ಟು ಸೋರತೊಡಗುತ್ತದೆ. ಅದನ್ನು ಬಿಡಿಸುವ ಹೊಣೆ ಒಬ್ಬ ಭೌತವಿಜ್ಞಾನಿ, ಒಬ್ಬ ಕಂಪ್ಯೂಟರ್ ತಜ್ಞ ಮತ್ತು ಒಬ್ಬ ಪುರಾತತ್ತ್ವಜ್ಞನ ಮೇಲೆ ಬೀಳುತ್ತದೆ. ಪೆಟ್ಟಿಗೆಯಲ್ಲಿ ದೊರೆತ ಜ್ಞಾನ ಹೆಜ್ಜೆಹೆಜ್ಜೆಯಾಗಿ ಮನುಷ್ಯನ ಸಾಮರ್ಥ್ಯವನ್ನು ಮೀರಿದ ಯಂತ್ರಬುದ್ಧಿಗೆ ದಾರಿಮಾಡಿಕೊಡುತ್ತದೆ. ಹಾಗೆ ರೂಪುಗೊಂಡ ಯಂತ್ರಮಾನವನೇ ವಾಮನ. ಪೆಟ್ಟಿಗೆಯನ್ನು ಹೂತವರಿಗೆ ಒದಗಿದ ಗತಿ ಏನೆಂಬುದು ತಿಳಿಯುತ್ತ ಹೋದಂತೆ, ಅದೇ ಗತಿ ಮನುಷ್ಯರಿಗೂ ಬಾರದಂತೆ ತಡೆಯುವ ಪ್ರಶ್ನೆ ಎದುರಾಗುತ್ತದೆ.

ಹಿಂದಿನ ಮೂರು ಘಟ್ಟಗಳ ಬೆಳಕಿನಲ್ಲಿ ನೋಡಿದರೆ ಈ ಕೃತಿಯ ರಚನೆ ಸ್ಪಷ್ಟವಾಗುತ್ತದೆ. ಕ್ಲಾರ್ಕರ ಚಪ್ಪಡಿಯಂತೆ ವಸ್ತು ನೆಲದಡಿಯಲ್ಲಿದೆ ಮತ್ತು ವೈಜ್ಞಾನಿಕ ಕಾರ್ಯದ ನಡುವೆ ಹೊರಬರುತ್ತದೆ. ಹಾಯ್ಲ್ ಅವರ ಸಂದೇಶದಂತೆ ಅದು ಆಯುಧವನ್ನಲ್ಲ, ಕಟ್ಟುವ ವಿಧಾನವನ್ನು ಕೊಡುತ್ತದೆ. ವೆಲ್ಸ್ ಅವರ ಉಪಸಂಹಾರದಂತೆ, ಮಾಡಿದವರು ಅಳಿದ ಮೇಲೂ ಮಾಡಿದ್ದು ಅಪಾಯಕಾರಿಯಾಗಿ ಉಳಿಯುತ್ತದೆ. ಇವುಗಳ ಮೇಲೆ ನಾರ್ಳೀಕರ್ ಹೊದಿಸಿದ ಪುರಾಣದ ಚೌಕಟ್ಟು ಮಾತ್ರ ಪೂರ್ತಿಯಾಗಿ ಈ ನೆಲದ್ದು. ಬಲಿಚಕ್ರವರ್ತಿಯ ಮುಂದೆ ಬಂದ ಕುಳ್ಳ ವಟುವು ಬೇಡಿದ್ದು ಮೂರು ಹೆಜ್ಜೆ ನೆಲವನ್ನಷ್ಟೇ. ಶುಕ್ರಾಚಾರ್ಯರು ಎಚ್ಚರಿಸಿದರೂ ಬಲಿ ಕೊಟ್ಟ ಮಾತಿಗೆ ತಪ್ಪಲಿಲ್ಲ. ಎರಡು ಹೆಜ್ಜೆಗಳಲ್ಲಿ ಲೋಕಗಳೆಲ್ಲ ಮುಗಿದು ಮೂರನೆಯದಕ್ಕೆ ಅವನ ತಲೆಯೇ ಉಳಿಯಿತು. ಪಶ್ಚಿಮದ ಕಥೆಗಳಲ್ಲಿ ಅಪಾಯ ಮನುಷ್ಯನ ದುರಾಸೆಯಿಂದ ಬರುವುದು ಹೆಚ್ಚು; ವಾಮನನ ಕಥೆಯಲ್ಲಿ ಅದು ಔದಾರ್ಯದಿಂದ, ಬೇಡಿಕೆ ಚಿಕ್ಕದೆಂಬ ನಂಬಿಕೆಯಿಂದ ಬರುತ್ತದೆ. ದೀಪಾವಳಿಯ ಬಲಿಪಾಡ್ಯಮಿಯಂದು ಗೆದ್ದ ವಾಮನನಿಗಿಂತ ಸೋತ ಬಲೀಂದ್ರನನ್ನೇ ನೆನೆಯುವ ಕನ್ನಡ ನಾಡಿನ ಓದುಗರಿಗೆ ಈ ವ್ಯತ್ಯಾಸ ಸುಲಭವಾಗಿ ತಿಳಿಯುತ್ತದೆ. ಸ್ವಂತ ಬುದ್ಧಿಯುಳ್ಳ ಯಂತ್ರಕ್ಕೆ ಒಂದೊಂದೇ ಅಧಿಕಾರವನ್ನು, ಪ್ರತಿಯೊಂದೂ ನಿರುಪದ್ರವಿಯೆಂದು ಭಾವಿಸಿ, ಒಪ್ಪಿಸುತ್ತ ಹೋಗುವ ಸಮಾಜದ ಚಿತ್ರವನ್ನು ಕಂಪ್ಯೂಟರುಗಳು ಭಾರತದ ಕಚೇರಿಗಳಿಗೆ ಆಗಷ್ಟೇ ಕಾಲಿಡುತ್ತಿದ್ದ ದಶಕದಲ್ಲಿ ಬರೆದದ್ದು ಈ ಕೃತಿಯ ಹೆಚ್ಚುಗಾರಿಕೆ.

ಪರೀಕ್ಷೆಯ ಪರಂಪರೆ

ಕಾದಂಬರಿ ಮುಗಿದ ಮೇಲೂ ನಾರ್ಳೀಕರರಿಗೆ ಅನ್ಯಲೋಕದ ಪ್ರಶ್ನೆ ಬರೀ ಕಲ್ಪನೆಯಾಗಿ ಉಳಿಯಲಿಲ್ಲ. ಜೀವದ ಬೀಜಗಳು ಬಾಹ್ಯಾಕಾಶದಿಂದ ಧೂಮಕೇತುಗಳ ಮೂಲಕ ಬಂದಿರಬಹುದೆಂಬ, ಹಾಯ್ಲ್ ಮತ್ತು ಚಂದ್ರ ವಿಕ್ರಮಸಿಂಘೆಯವರ ವಾದವನ್ನು ಪರೀಕ್ಷೆಗೊಡ್ಡಲು ಅವರು ಇಸ್ರೋದ ಬೆಂಬಲದಿಂದ 2001 ಮತ್ತು 2005ರಲ್ಲಿ ಹೈದರಾಬಾದಿನಿಂದ ಬಲೂನುಗಳನ್ನು ಹಾರಿಸಿ, 20 ಕಿಲೋಮೀಟರಿಗೂ ಮೇಲಿನ ಗಾಳಿಯ ಮಾದರಿಗಳನ್ನು ಸಂಗ್ರಹಿಸಿದ ಪ್ರಯೋಗಗಳಲ್ಲಿ ಭಾಗಿಯಾದರು. ಎರಡನೆಯ ಯಾನದ ಮಾದರಿಗಳಲ್ಲಿ ದೊರೆತ ಮೂರು ಹೊಸ ಬ್ಯಾಕ್ಟೀರಿಯಾಗಳನ್ನು 2009ರಲ್ಲಿ ಪ್ರಕಟಿಸಲಾಯಿತು. ಅವುಗಳಲ್ಲಿ ಒಂದಕ್ಕೆ ಹಾಯ್ಲ್ ಅವರ ಹೆಸರು, ಒಂದಕ್ಕೆ ಆರ್ಯಭಟನ ಹೆಸರು, ಇನ್ನೊಂದಕ್ಕೆ ಇಸ್ರೋದ ಹೆಸರು ಬಂದಿತು. ಅವು ಅನ್ಯಲೋಕದಿಂದ ಬಂದವೆಂದು ಈ ಪ್ರಯೋಗ ಸಾಬೀತುಪಡಿಸಲಿಲ್ಲ, ಹಾಗೆಂದು ತಂಡದವರು ಹೇಳಿಕೊಳ್ಳಲೂ ಇಲ್ಲ.

ಈ ಪ್ರಯೋಗಗಳಿಗೂ ಮೊದಲೇ ಕನ್ನಡದಲ್ಲೂ ವಿಜ್ಞಾನ ಕಥೆಗೆ ನೆಲೆ ಸಿಕ್ಕಿತ್ತು. ಬಾಳ ಫೊಂಡ್ಕೆ ಸಂಪಾದಿಸಿ ನ್ಯಾಷನಲ್ ಬುಕ್ ಟ್ರಸ್ಟ್ 1993ರಲ್ಲಿ ಹೊರತಂದ ಭಾರತೀಯ ವಿಜ್ಞಾನ ಕಥೆಗಳ ಸಂಕಲನದಲ್ಲಿ ನಾರ್ಳೀಕರರ ಜೊತೆಗೆ ಕನ್ನಡದ ರಾಜಶೇಖರ ಭೂಸನೂರಮಠ ಮತ್ತು ಸಂಜಯ ಹಾವನೂರ ಅವರ ಕಥೆಗಳೂ ಸೇರಿದ್ದವು. ನಾರ್ಳೀಕರರ ಕಾದಂಬರಿಯ ಇಂಗ್ಲಿಷ್ ರೂಪವನ್ನು ಜರ್ಮನಿಯ ಸ್ಪ್ರಿಂಗರ್ ಸಂಸ್ಥೆ 2015ರಲ್ಲಿ ಮತ್ತೆ ಪ್ರಕಟಿಸಿದಾಗ, ಗೌರಿಬಿದನೂರಿನ ಹೆಸರು ವಿಜ್ಞಾನ ಗ್ರಂಥಗಳ ಅಂತರರಾಷ್ಟ್ರೀಯ ಓದುಗರನ್ನೂ ಕಾದಂಬರಿಯ ಮೂಲಕ ತಲುಪಿತು. ನಾರ್ಳೀಕರ್ 2025ರ ಮೇ 20ರಂದು ನಿಧನರಾದರು.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ತನಿಖೆ ಮಾಡಲು ಸಮಿತಿಯೊಂದನ್ನು ರಚಿಸಿದರು. ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದೆಂಬ ಅವರ ನಿಲುವು ಈ ತಾಲ್ಲೂಕಿನ ಪ್ರಯೋಗಗಳ ನಿಲುವೂ ಹೌದು. ಕಂಪನಮಾಪಕ ಜಾಲಕ್ಕೆ ಪ್ರತಿಯೊಂದು ಅದುರುವಿಕೆಯೂ ಬಾಂಬಲ್ಲ, ದೂರದರ್ಶಕಕ್ಕೆ ಪ್ರತಿಯೊಂದು ಮಿಡಿತವೂ ಸಂದೇಶವಲ್ಲ, ತಕ್ಕಡಿಗೆ ಪ್ರತಿಯೊಂದು ತಿರುಚೂ ಹೊಸ ಬಲವಲ್ಲ. ಬೇರೆಲ್ಲ ಕಾರಣಗಳನ್ನೂ ಒಂದೊಂದಾಗಿ ತಳ್ಳಿಹಾಕಿದ ಮೇಲೆ ಉಳಿಯುವುದಕ್ಕೆ ಮಾತ್ರ ಅಲ್ಲಿ ಬೆಲೆ. ಕಾದಂಬರಿಯಲ್ಲಿ ಅನಾಹುತಕ್ಕೆ ಎಡೆಮಾಡಿಕೊಡುವುದು ಪೆಟ್ಟಿಗೆ ಸಿಕ್ಕಿದ್ದಲ್ಲ. ಅದನ್ನು ನಾಲ್ಕು ಜನರ ಎದುರು ಪರೀಕ್ಷೆಗಿಡದೆ ಗುಟ್ಟಾಗಿರಿಸಿದ್ದು, ಅದರ ಫಲವನ್ನು ಅವಸರದಲ್ಲಿ ಬಳಸಹೊರಟದ್ದು. ಐದನೆಯ ಬಲ ಕಾಣಲಿಲ್ಲವೆಂಬ ಫಲಿತಾಂಶವನ್ನು ಲೋಕದ ವಿಜ್ಞಾನಿಗಳೆಲ್ಲ ಓದುವಂತೆ ಪ್ರಕಟಿಸಿದ ನಿಜವಾದ ಗೌರಿಬಿದನೂರು, ತನ್ನ ಕಾಲ್ಪನಿಕ ಜೋಡಿ ತಪ್ಪಿದ ದಾರಿ ಯಾವುದೆಂಬುದನ್ನು ಅದೇ ದಶಕದಲ್ಲಿ ತೋರಿಸಿಕೊಟ್ಟಿತು.